ಚುಕ್ಕಾಣಿಯಲ್ಲಿ ಚುಕ್ಕಿ ಇಲ್ಲ

ಬೆಂಗಳೂರು,
ಭಾನುವಾರ ಮಧ್ಯಾಹ್ನ

ಪ್ರೀತಿಯ ಗೆಳೆಯಾ,

ನಿನ್ನ ಹಡಗು ಈಗ ಯಾವ ಸಮುದ್ರದಲ್ಲಿದೆಯೋ ಏನೋ. ನಾನು ಕಳಿಸಿದ ಫೋಟೊಗೆ ವಾಟ್ಸ್‌ಆಪಿನಲ್ಲಿ ಒಂದೇ ಟಿಕ್ ಬಿದ್ದು ಹನ್ನೊಂದು ದಿನ ಆಯಿತು. ತುಕ್ಕು ಹಿಡಿದ ಕಬ್ಬಿಣದ ತಗಡೊಂದರ ಫೋಟೊ ಅದು. ನೆಟ್‌ವರ್ಕ್ ಸಿಕ್ಕಿದಾಗ ನೋಡಿ, ಇವನಿಗೇನಾಯಿತು ಅಂದುಕೊಳ್ಳಬೇಡ. ಅದರ ಹಿಂದಿನ ಕತೆ ಹೇಳುವುದಕ್ಕೇ ಈ ಪತ್ರ. ಎಲ್ಲರೂ ಓದುವ ಕಡೆಯೇ ಹಾಕುತ್ತಿದ್ದೇನೆ. ತಪ್ಪನ್ನು ಊರಿಗೆಲ್ಲ ಹಂಚಿದ ಮೇಲೆ ತಪ್ಪೊಪ್ಪಿಗೆಯನ್ನೂ ಹಂಚಬೇಕಲ್ವಾ.

ಜೂನ್ ತಿಂಗಳ ಆ ರಾತ್ರಿ ನಿನಗೆ ನೆನಪಿರುತ್ತದೆ. ನನಗಂತೂ ಮರೆಯುವುದಿಲ್ಲ. ರಾತ್ರಿ ಹನ್ನೆರಡೂವರೆ. ನಮ್ಮ ಪೇಪರಿನ ಕೊನೆಯ ಆವೃತ್ತಿ ಹೋಗಬೇಕು. ಸರಕು ಹಡಗೊಂದು ವಾಲಿದ ಸುದ್ದಿ ಇಂಗ್ಲಿಷಿನಲ್ಲಿ ಬಂತು. ಆರು ಸಾಲು. ಹೊತ್ತಿಲ್ಲ ಅಂತ ಕಂಪ್ಯೂಟರಿನ ಅನುವಾದಕ್ಕೆ ಹಾಕಿದೆ, ಬಂದದ್ದನ್ನು ಸರಿಯಾಗಿ ಓದದೆ ಪುಟಕ್ಕೆ ಇಳಿಸಿದೆ. ಬೆಳಿಗ್ಗೆ ನಿನ್ನ ಮೆಸೇಜು. ಸುದ್ದಿಯ ಸುತ್ತ ಕೆಂಪು ಗೆರೆ. 'ಹಡಗು ನಕ್ಷತ್ರ ಹಲಗೆಯ ಕಡೆಗೆ ವಾಲಿದೆ.' ಕೆಳಗೆ ನೀನು ಬರೆದಿದ್ದೆ: 'ಇಪ್ಪತ್ತು ವರ್ಷದಿಂದ ಹಡಗಿನಲ್ಲಿದ್ದೇನೆ ಮಾರಾಯ, ಈ ನಕ್ಷತ್ರ ಹಲಗೆ ಒಮ್ಮೆಯೂ ಕಂಡಿಲ್ಲ. ಯಾವ ಅಂಗಡಿಯಲ್ಲಿ ಸಿಗುತ್ತೆ?'

ಯಂತ್ರಕ್ಕೆ ಬೈದೆ. ಆದರೆ ಪಾಸ್ ಮಾಡಿದ್ದು ನಾನೇ ತಾನೆ. ಹಡಗಿನ ಬಲಬದಿಗೆ ಸ್ಟಾರ್‌ಬೋರ್ಡ್ ಅನ್ನುತ್ತಾರೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಕಣ್ಣು ತಪ್ಪಿತು. ಆಮೇಲೆ ನೀನು ಇನ್ನೊಂದು ಕುಟುಕು ಕುಟುಕಿದೆ ನೋಡು, ಅದು ಜಾಸ್ತಿ ನಾಟಿತು. 'ದಿನಾ ಅಧಿಕಾರದ ಚುಕ್ಕಾಣಿ, ಅಧಿಕಾರದ ಚುಕ್ಕಾಣಿ ಅಂತ ಹೆಡ್ಡಿಂಗ್ ಹಾಕ್ತೀರಲ್ಲ, ಒಂದು ಚುಕ್ಕಾಣಿಯನ್ನಾದರೂ ಕಣ್ಣಲ್ಲಿ ನೋಡಿದೀಯಾ?'

ನೋಡಿರಲಿಲ್ಲ. ನೀನು ಗಂಗೊಳ್ಳಿಯವನು, ಕಡಲಿನ ಮಗ. ನಾನು ಆನೆಗೊಂದಿ ಕಡೆಯವನು. ನನಗೆ ಗೊತ್ತಿರುವ ದೋಣಿ ಅಂದರೆ ತುಂಗಭದ್ರೆಯ ಹರಿಗೋಲು ಒಂದೇ. ಅದಕ್ಕೆ ಮುಂದಿಲ್ಲ, ಹಿಂದಿಲ್ಲ, ಎಡವಿಲ್ಲ, ಬಲವಿಲ್ಲ. ಬಿದಿರಿನ ಬುಟ್ಟಿ. ಕೂತವರು ಯಾವ ಕಡೆ ಮುಖ ಮಾಡುತ್ತಾರೋ ಅದೇ ಮುಂದು. 1520ರ ಹೊತ್ತಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಡೊಮಿಂಗೊ ಪಾಯೆಸ್ ಆನೆಗೊಂದಿಯಲ್ಲಿ ಇದನ್ನೇ ನೋಡಿ ಬರೆದಿದ್ದಾನೆ. ಬುಟ್ಟಿಯ ಹಾಗೆ ದುಂಡಗಿನ ದೋಣಿಗಳು, ಹೊರಗೆ ಚರ್ಮ ಹೊದಿಸಿರುತ್ತಾರೆ, ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸಬಹುದು, ಆದರೆ ಬೇರೆ ದೋಣಿಗಳ ಹಾಗೆ ನೆಟ್ಟಗೆ ಹೋಗದೆ ಗಿರಗಿರ ತಿರುಗುತ್ತಲೇ ಇರುತ್ತವೆ ಅಂತ. ಸಮುದ್ರ ದಾಟಿ ಬಂದವನಿಗೆ ಚುಕ್ಕಾಣಿ ಇಲ್ಲದ ದೋಣಿ ಕಂಡು ತಲೆ ತಿರುಗಿರಬೇಕು. ನಮಗೆ ಅದು ಅಭ್ಯಾಸ. ಅಂಬಿಗ ಹುಟ್ಟನ್ನು ನೀರಿಗೆ ಹಾಕಿ ಒಂದು ಸಲ ಎಳೆದರೆ ಬುಟ್ಟಿ ಅರ್ಧ ಸುತ್ತು, ಇನ್ನೊಂದು ಸಲ ಎಳೆದರೆ ಮತ್ತೆ ಅರ್ಧ. ಹೇಗೋ ಆಚೆ ದಡ ಬರುತ್ತಿತ್ತು.

ಅಂಥವನು ನಾನು ಚುಕ್ಕಾಣಿ ಅನ್ನುವ ಪದಕ್ಕೆ ಏನು ಅರ್ಥ ಮಾಡಿಕೊಂಡಿದ್ದೆ ಗೊತ್ತಾ? ನಗಬೇಡ. ಚುಕ್ಕಿ ಮತ್ತು ಆಣಿ. ಹಿಂದಿನ ಕಾಲದವರು ರಾತ್ರಿ ಚುಕ್ಕಿ ನೋಡಿಕೊಂಡು ಹಡಗು ನಡೆಸುತ್ತಿದ್ದರಲ್ವಾ, ಆ ಚುಕ್ಕಿಯ ಕಡೆಗೆ ತಿರುಗಿಸುವ ಆಣಿ ಇದು ಅಂತ. ಹೈಸ್ಕೂಲಿನಲ್ಲಿ ಯಾವಾಗಲೋ ತಲೆಯಲ್ಲಿ ಕೂತದ್ದು, ನಲವತ್ತೈದು ದಾಟಿದರೂ ಎದ್ದಿರಲಿಲ್ಲ. ಎಷ್ಟು ಚಂದ ಹೊಂದುತ್ತದೆ ನೋಡು. ಆದರೆ ಸುಳ್ಳು.

ಜುಲೈಯಲ್ಲಿ ನಿಮ್ಮೂರಿಗೆ ಹೋಗಿದ್ದೆ. ನಿನಗೆ ಹೇಳಿರಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ಆ ಎರಡು ತಿಂಗಳು ಬೋಟುಗಳನ್ನು ದಡಕ್ಕೆ ಎಳೆದಿರುತ್ತಾರೆ ಅಂತ ನಿನ್ನಣ್ಣ ಫೋನಿನಲ್ಲಿ ಹೇಳಿದ್ದರು. 'ಚುಕ್ಕಾಣಿ ನೋಡ್ಬೇಕಾ? ಹಾಗಾದ್ರೆ ಮಳೆಗಾಲದಲ್ಲೇ ಬನ್ನಿ. ಬಾಕಿ ಟೈಮಲ್ಲಿ ಅದು ನೀರಿನ ಅಡಿಯಲ್ಲಿರುತ್ತೆ.'

ಸಣ್ಣ ಜಡಿ ಮಳೆ. ಬಂದರಿನ ಹತ್ತಿರ ಬೋಟುಗಳು ಮರದ ದಿಮ್ಮಿಗಳ ಮೇಲೆ ಕೂತಿದ್ದವು. ಕೆಳಗೆ ನಿಂತು ನೋಡಿದರೆ ಬೋಟು ಎಷ್ಟು ದೊಡ್ಡದು ಮಾರಾಯ! ನೀರಿನಲ್ಲಿದ್ದಾಗ ಅರ್ಧವೇ ಕಾಣುವುದು. ನಾನು ಕೊಡೆ ಹಿಡಿದು, ಕತ್ತೆತ್ತಿ, ಮೇಲಿನ ಕ್ಯಾಬಿನ್ ಕಡೆ ನೋಡುತ್ತಿದ್ದೆ. ಅಲ್ಲಿ ಬಸ್ಸಿನದರ ಹಾಗೆ ಒಂದು ಚಕ್ರ ಕಂಡಿತು. ಇದೇ ಇರಬೇಕು ಅಂದುಕೊಂಡೆ. ನಿನ್ನಣ್ಣ ನಕ್ಕರು.

'ಮೇಲೆ ಎಂತ ನೋಡ್ತೀರಿ ಮಾರಾಯ್ರೆ? ಅದು ಸ್ಟೇರಿಂಗ್. ಚುಕ್ಕಾಣಿ ಇಲ್ಲಿ, ಕೆಳಗೆ.'

ಹಿಂಬದಿಗೆ ಕರೆದುಕೊಂಡು ಹೋದರು. ನೀರಿನಲ್ಲಿ ತಿರುಗಿ ಬೋಟನ್ನು ಮುಂದೆ ದೂಡುವ ಫ್ಯಾನಿನ ಹಿಂದೆ, ಒಂದು ಗೇಣು ಬಿಟ್ಟು, ಕಬ್ಬಿಣದ ತಗಡು. ಸುಮಾರು ನನ್ನ ಎದೆಯೆತ್ತರ. ಬಾಗಿಲಿನ ಹಾಗೆ ಒಂದು ಅಂಚಿಗೆ ದಪ್ಪ ಸರಳು, ಆ ಸರಳು ಬೋಟಿನ ಹೊಟ್ಟೆಯೊಳಗೆ ಹೋಗಿದೆ. ತಗಡಿನ ಮೇಲೆಲ್ಲ ಬಿಳಿ ಬಿಳಿ ಚಿಪ್ಪು ಅಂಟಿಕೊಂಡಿತ್ತು. ಒಬ್ಬ ಹುಡುಗ ಕೂತು ಉಳಿಯಿಂದ ಅದನ್ನು ಕೆರೆಯುತ್ತಿದ್ದ. ಕರ್ ಕರ್ ಸದ್ದು. ಚಿಪ್ಪು ಕೂತರೆ ಮೈ ಒರಟಾಗಿ ನೀರು ಹಿಡಿದೆಳೆಯುತ್ತದೆ, ಬೋಟು ಡೀಸೆಲ್ ಜಾಸ್ತಿ ಕುಡಿಯುತ್ತದೆ ಅಂದ. ನಾನು ತಗಡಿನ ಅಂಚು ಹಿಡಿದು ದೂಡಿದೆ. ಅಲುಗಲಿಲ್ಲ. ಮೇಲಿಂದ ಯಾರೋ ಚಕ್ರ ತಿರುಗಿಸಿದರು, ಕೆಳಗೆ ತಗಡು ಸುಮ್ನೆ ಬಾಗಿಲು ತೆರೆದ ಹಾಗೆ ಪಕ್ಕಕ್ಕೆ ಸರಿಯಿತು.

ಇಷ್ಟೇನಾ ಅನ್ನಿಸಿತು. ಇಷ್ಟು ವರ್ಷ ಎಷ್ಟು ಮುಖ್ಯಮಂತ್ರಿಗಳ ಕೈಗೆ ಇದನ್ನು ಕೊಟ್ಟಿದ್ದೇನೆ!

'ಬೋಟು ಓಡ್ತಾ ಇದ್ರೆ ಮಾತ್ರ ಇದು ಚುಕ್ಕಾಣಿ,' ಅಂದರು ನಿನ್ನಣ್ಣ. 'ನಿಂತ್ರೆ ಬರೀ ತಗಡು.' ಅವರು ಹೇಳಿದ ಲೆಕ್ಕ ಇದು. ಬೋಟು ಮುಂದೆ ಹೋಗುವಾಗ ನೀರು ಹಿಂದಕ್ಕೆ ಹರಿಯುತ್ತದೆ. ತಗಡನ್ನು ಬಲಕ್ಕೆ ತಿರುಗಿಸಿದರೆ ಆ ನೀರು ಬಂದು ಅದಕ್ಕೆ ಹೊಡೆದು, ಬೋಟಿನ ಬಾಲವನ್ನು ಎಡಕ್ಕೆ ದೂಡುತ್ತದೆ. ಬಾಲ ಎಡಕ್ಕೆ ಹೋದರೆ ಮೂತಿ ಬಲಕ್ಕೆ ಬರುತ್ತದೆ. ಅಂದರೆ ನೀವು ತಿರುಗಿಸುವುದು ಮೂತಿಯನ್ನು ಅಲ್ಲವೇ ಅಲ್ಲ, ಬಾಲವನ್ನು. ಧಕ್ಕೆಗೆ, ಅಂದರೆ ಬೋಟು ಕಟ್ಟುವ ಕಟ್ಟೆಗೆ, ತಾಗಿ ನಿಂತ ಬೋಟನ್ನು ಅವಸರದಲ್ಲಿ ತಿರುಗಿಸಿದರೆ ಹಿಂಬದಿ ಹೋಗಿ ಪಕ್ಕದ ಬೋಟಿಗೆ ಗುದ್ದುವುದು ಅದಕ್ಕೇ. ನಿನಗೆ ಇದೆಲ್ಲ ಅ ಆ ಇ ಈ. ನನಗೆ ಹೊಸತು.

ವಾಪಸ್ ಬಂದ ಮೇಲೆ ಪದದ ಬೆನ್ನು ಹತ್ತಿದೆ. ಚುಕ್ಕಾಣಿ ನಮ್ಮದೇ ಪದ ಅಲ್ಲ ಕಣೋ. ಅರಬ್ಬಿಯ 'ಸುಕ್ಕಾನ್'. ಕರಾವಳಿಯ ಉದ್ದಕ್ಕೂ ಒಮ್ಮೆ ಕಿವಿ ಹಾಯಿಸಿದರೆ ಸಾಕು, ತಿಳಿಯುತ್ತದೆ. ಗುಜರಾತಿಯಲ್ಲಿ ಸುಕಾನ್. ಮರಾಠಿಯಲ್ಲಿ ಸುಕಾಣೂ. ಮಲಯಾಳದಲ್ಲಿ ಚುಕ್ಕಾನ್. ತಮಿಳಿನಲ್ಲಿ ಸುಕ್ಕಾನ್. ತೆಲುಗಿನಲ್ಲಿ ಚುಕ್ಕಾನಿ. ಬಂದರಿನಿಂದ ಬಂದರಿಗೆ ಹೋಗಿದೆ ಪದ, ಹಡಗಿನ ಜೊತೆಗೇ. ನಾವು ನಮ್ಮ ಬಾಯಿಗೆ ತಕ್ಕ ಹಾಗೆ 'ಸು' ತೆಗೆದು 'ಚು' ಮಾಡಿ ಬಾಲಕ್ಕೊಂದು 'ಇ' ಸೇರಿಸಿದ್ದೇವೆ. ಅಲ್ಲಿಗೆ ನನ್ನ ಚುಕ್ಕಿ ಉದುರಿತು.

ಅರಬ್ಬರಿಗೂ ಇದು ಹಳೆಯ ಆಸ್ತಿ. ಮೆಸೊಪೊಟೇಮಿಯದ ಜೇಡಿಮಣ್ಣಿನ ಹಲಗೆಗಳ ಅಕ್ಕಾಡಿಯನ್ ಭಾಷೆಯಲ್ಲಿ ದೋಣಿ ತಿರುಗಿಸುವ ಹುಟ್ಟಿಗೆ 'ಸಿಕ್ಕಾನು' ಅನ್ನುತ್ತಿದ್ದರು. ಕ್ರಿಸ್ತಪೂರ್ವದ ಪದ! ಟೈಗ್ರಿಸ್ ನದಿಯ ದಡದಲ್ಲಿ ಹುಟ್ಟಿದ್ದು ಗಂಗೊಳ್ಳಿಯ ಧಕ್ಕೆಗೆ ಬಂದು, ಅಲ್ಲಿಂದ ಘಾಟಿ ಹತ್ತಿ ವಿಧಾನಸೌಧಕ್ಕೆ ಬಂದಿದೆ. ಇನ್ನೊಂದು ಮಜಾ ಹೇಳಲಾ? ಅದೇ ಟೈಗ್ರಿಸಿನಲ್ಲಿ ನಮ್ಮ ಹರಿಗೋಲಿನ ಹಾಗೇ ದುಂಡಗಿನ ಬುಟ್ಟಿ ದೋಣಿ ಇತ್ತು, ಇರಾಕಿನವರು ಅದಕ್ಕೆ ಕುಫ್ಫಾ ಅನ್ನುತ್ತಾರೆ. ನಮ್ಮ ಬಡ ಬುಟ್ಟಿಗೂ ದೂರದ ನೆಂಟರಿದ್ದಾರೆ.

ಅರಬ್ಬಿ ಪದ ನಮ್ಮ ಕರಾವಳಿಗೆ ಬಂದದ್ದರಲ್ಲಿ ಆಶ್ಚರ್ಯ ಏನಿದೆ ಹೇಳು. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನುವ ಯಹೂದಿ ವ್ಯಾಪಾರಿ ವರ್ಷಗಟ್ಟಲೆ ಮಂಗಳೂರಿನಲ್ಲಿ ಇದ್ದುಕೊಂಡು ಏಡನ್ನಿನ ಗೆಳೆಯರ ಜೊತೆ ಅರಬ್ಬಿಯಲ್ಲಿ ಪತ್ರ ವ್ಯವಹಾರ ಮಾಡುತ್ತಿದ್ದ. ಆ ಪತ್ರಗಳು ಕೈರೋದಲ್ಲಿ ಸಿಕ್ಕಿವೆ. 14ನೇ ಶತಮಾನದಲ್ಲಿ ಯಾತ್ರಿಕ ಇಬ್ನ್ ಬತೂತ ಹೊನ್ನಾವರಕ್ಕೆ ಬಂದು, ಅಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆ ಇವೆ ಅಂತ ಎಣಿಸಿ ಬರೆದ. ವಿಜಯನಗರದ ಕುದುರೆಗಳು ಭಟ್ಕಳದಲ್ಲಿ ಇಳಿಯುತ್ತಿದ್ದವು. ಕುದುರೆ ಇಳಿಯುವಾಗ ಪದ ಇಳಿಯದೆ ಇರುತ್ತದಾ? ಬಂದರು, ಲಂಗರು ಎರಡೂ ಪಾರಸಿಯವು. ಹಡಗಿನ ಆಳು ಕಲಾಸಿ ಕೂಡ ಆ ಕಡೆಯಿಂದ ಬಂದವನೇ. ಹಡಗು ಮತ್ತು ಹಾಯಿ ನಮ್ಮವು. ಅಂದರೆ ಹಡಗು ನಮ್ಮದು, ಗಾಳಿ ಹಿಡಿಯುವ ಬಟ್ಟೆ ನಮ್ಮದು, ತಿರುಗಿಸುವುದು ಮತ್ತು ನಿಲ್ಲಿಸುವುದು ಮಾತ್ರ ಹೊರಗಿನದು. ಇದರಲ್ಲಿ ರಾಜಕೀಯ ಹುಡುಕಬೇಡ.

ಹತ್ತನೇ ಶತಮಾನದ ಕೊನೆಯಲ್ಲಿ, 985ರ ಹೊತ್ತಿಗೆ, ಅಲ್ ಮುಖದ್ದಸಿ ಅನ್ನುವ ಅರಬ್ ಭೂಗೋಳಕಾರ ಕೆಂಪು ಸಮುದ್ರದಲ್ಲಿ ಸುಕ್ಕಾನ್ ಹೇಗೆ ನಡೆಸುತ್ತಿದ್ದರು ಅಂತ ಬರೆದಿದ್ದಾನೆ. ಅಲ್ಲಿ ನೀರಿನಡಿ ಬಂಡೆಗಳು ಜಾಸ್ತಿ. ನಾಯಕ ಎತ್ತರದಲ್ಲಿ ಕೂತು ನೀರನ್ನೇ ದಿಟ್ಟಿಸುತ್ತಾನೆ. ಬಂಡೆ ಕಂಡರೆ 'ಬಲಕ್ಕೆ!' ಇಲ್ಲವೇ 'ಎಡಕ್ಕೆ!' ಅಂತ ಕೂಗುತ್ತಾನೆ. ನಡುವೆ ನಿಂತ ಇಬ್ಬರು ಹುಡುಗರು ಅದನ್ನೇ ಮತ್ತೆ ಕೂಗುತ್ತಾರೆ. ಚುಕ್ಕಾಣಿಯವನ ಕೈಯಲ್ಲಿ ಎರಡು ಹಗ್ಗ. ಕೂಗು ಕೇಳಿದ ಕಡೆಯ ಹಗ್ಗ ಎಳೆಯುತ್ತಾನೆ. ನಮ್ಮ ಲಾರಿ ಕ್ಲೀನರ್ 'ರೈಟ್ ರೈಟ್, ಲೆಫ್ಟ್ ಕಟ್' ಅನ್ನುವುದು ನೆನಪಾಗಲಿಲ್ವಾ? ಸಾವಿರ ವರ್ಷ ಹಳೆಯ ಕ್ಲೀನರ್ ಹುಡುಗರು.

ಈಗ ನಿನ್ನ ನಕ್ಷತ್ರ ಹಲಗೆಗೆ ಬರುತ್ತೇನೆ.

ನನ್ನ ಚುಕ್ಕಾಣಿಯಲ್ಲಿ ಚುಕ್ಕಿ ಹೇಗೆ ಇಲ್ಲವೋ ಹಾಗೇ ನಿನ್ನ ಸ್ಟಾರ್‌ಬೋರ್ಡಿನಲ್ಲೂ ಸ್ಟಾರ್ ಇಲ್ಲ! ಇದು ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದಕ್ಕೊಂದು ನಂಟಿಲ್ಲದ ಎರಡು ಭಾಷೆ, ಎರಡು ಕಡಲು. ಎರಡರಲ್ಲೂ ದೋಣಿ ತಿರುಗಿಸುವ ಪದ, ಎರಡಕ್ಕೂ ಸುಳ್ಳು ನಕ್ಷತ್ರ. ಹಳೆಯ ಇಂಗ್ಲಿಷಿನಲ್ಲಿ ಅದು 'ಸ್ಟೇಯೊರ್‌ಬೋರ್ಡ್'. ಸ್ಟೇಯೊರ್ ಅಂದರೆ ತಿರುಗಿಸುವುದು, ನಡೆಸುವುದು. ನಮ್ಮ ಬಸ್ ಡ್ರೈವರ್ ಹಿಡಿಯುವ ಸ್ಟೇರಿಂಗೂ ಇದೂ ಒಂದೇ ಬಳ್ಳಿಯ ಕಾಯಿ. ಬೋರ್ಡ್ ಅಂದರೆ ಹಡಗಿನ ಪಕ್ಕ, ಹಲಗೆ ಹೊಡೆದ ಬದಿ. ಸ್ಟೇರಿಂಗ್ ಇರುವ ಬದಿ, ಅಷ್ಟೇ. ಹಾಗೆ ನೋಡಿದರೆ ಆ ಕಂಪ್ಯೂಟರ್ ಅರ್ಧ ಸರಿ ಹೇಳಿತ್ತು. ಹಲಗೆ ಸರಿ, ನಕ್ಷತ್ರ ತಪ್ಪು. ಐವತ್ತು ಮಾರ್ಕ್ಸ್ ಕೊಡೋಣ.

ಆದರೆ ಬಲಬದಿಗೇ ಯಾಕೆ ಆ ಹೆಸರು? ಈಗ ಚುಕ್ಕಾಣಿ ಇರುವುದು ಹಿಂದೆ, ನಟ್ಟ ನಡುವೆ. ಆಗ ಹಾಗಿರಲಿಲ್ಲ. ಉತ್ತರ ಯುರೋಪಿನ ಹಡಗಿಗೆ ಹಿಂಭಾಗದ ಬಲಪಕ್ಕದಲ್ಲಿ ಅಗಲ ಎಲೆಯ ದೊಡ್ಡ ಹುಟ್ಟೊಂದನ್ನು ನೇರವಾಗಿ ಕಟ್ಟುತ್ತಿದ್ದರು. ಜನರಲ್ಲಿ ಬಲಗೈಯವರೇ ಜಾಸ್ತಿ, ಅದಕ್ಕೆ ಬಲಪಕ್ಕ. ನಾರ್ವೆಯಲ್ಲಿ 1880ರಲ್ಲಿ ಗೋಕ್‌ಸ್ಟಾಡ್ ಅನ್ನುವಲ್ಲಿ ದಿಬ್ಬ ಅಗೆದಾಗ ವೈಕಿಂಗರ, ಅಂದರೆ ಆ ಕಡೆಯ ಹಳೆಯ ಕಡಲಯಾನಿಗಳ, ಹಡಗೇ ಸಿಕ್ಕಿತು. ಸತ್ತ ದೊಡ್ಡ ಮನುಷ್ಯನನ್ನು ಹಡಗಿನ ಸಮೇತ ಹೂತಿದ್ದರು. ಸುಮಾರು 23 ಮೀಟರ್ ಉದ್ದ, ಓಕ್ ಮರ, 9ನೇ ಶತಮಾನದ್ದು. ಅದರ ಬಲಬದಿಯಲ್ಲಿ ಆ ಹುಟ್ಟು ಹಾಗೇ ಇತ್ತು. ಫೋಟೊ ದೊಡ್ಡದು ಮಾಡಿ ನೋಡಿದೆ. ಹಡಗಿನ ಪಕ್ಕಕ್ಕೆ ಮರದ ಗುಬಟು ಒಂದನ್ನು ಕೂರಿಸಿದ್ದಾರೆ. ಹುಟ್ಟಿಗೂ ಗುಬಟಿಗೂ ತೂತು ಕೊರೆದು, ಎಳೆಯ ಮರದ ಬಳುಕು ಕೊಂಬೆಯನ್ನು ಹುರಿಮಾಡಿ ಹಗ್ಗದ ಹಾಗೆ ಒಳಗೆ ಎಳೆದು ಬಿಗಿದಿದ್ದಾರೆ. ಮೇಲೆ ಹಿಡಿಯುವುದಕ್ಕೆ ಅಡ್ಡ ಕೋಲು. ಮೊಳೆ ಹೊಡೆದಿದ್ದರೆ ಮುರಿಯುತ್ತಿತ್ತು. ಕಟ್ಟಿದ್ದರಿಂದ ಅಲೆ ಹೊಡೆದರೂ ಬಳುಕಿಕೊಂಡು ನಿಲ್ಲುತ್ತಿತ್ತು. 1893ರಲ್ಲಿ ಇದೇ ಮಾದರಿಯ ಹಡಗು ಕಟ್ಟಿ ಮ್ಯಾಗ್ನುಸ್ ಆಂಡರ್ಸನ್ ಅನ್ನುವ ಕಪ್ತಾನ ನಾಲ್ಕು ವಾರದಲ್ಲಿ ನಾರ್ವೆಯಿಂದ ಅಟ್ಲಾಂಟಿಕ್ ದಾಟಿದ. ಆ ಪಕ್ಕದ ಚುಕ್ಕಾಣಿಯನ್ನು ಅವನು ಬಾಯಿತುಂಬ ಹೊಗಳಿದ. ಎಂಥ ಹವೆಯಲ್ಲೂ ಒಬ್ಬನೇ ಮನುಷ್ಯ ನಡೆಸಬಹುದು ಅಂತ.

ಸರಿ, ಬಲಕ್ಕೆ ಹೆಸರು ಸಿಕ್ಕಿತು. ಎಡಕ್ಕೆ? ಹುಟ್ಟು ಹಿಡಿದವನು ಬಲಕ್ಕೆ ತಿರುಗಿ ನಿಂತಿರುತ್ತಾನೆ. ಅವನ ಬೆನ್ನು ಎಡಕ್ಕೆ. ಹಾಗಾಗಿ ಎಡಬದಿ 'ಬ್ಯಾಕ್‌ಬೋರ್ಡ್', ಬೆನ್ನಬದಿ. ನಂಗೆ ಇದು ತುಂಬ ಹಿಡಿಸಿತು. ಇಡೀ ಹಡಗಿನ ಎಡ ಬಲವನ್ನು ಒಬ್ಬ ಆಳು ನಿಂತ ಭಂಗಿಯಿಂದ ಅಳೆದಿದ್ದಾರೆ. 890ರ ಹೊತ್ತಿಗೆ ನಾರ್ವೆಯ ಓಟ್ಟರ್ ಅನ್ನುವವನು ಇಂಗ್ಲೆಂಡಿನ ಆಲ್ಫ್ರೆಡ್ ದೊರೆಗೆ ತನ್ನ ಯಾನದ ಕತೆ ಹೇಳಿದ. ಅದನ್ನು ಬರೆದಿಟ್ಟಿದ್ದಾರೆ. ಉತ್ತರಕ್ಕೆ ಹೋದೆ, ಮೂರು ದಿನ ಸ್ಟೇಯೊರ್‌ಬೋರ್ಡಿಗೆ ಬರೀ ಪಾಳು ನೆಲ, ಬ್ಯಾಕ್‌ಬೋರ್ಡಿಗೆ ಬರೀ ಕಡಲು ಅಂತ. ಎರಡೂ ಪದ ಒಂದೇ ಮಾತಿನಲ್ಲಿ. ನಾರ್ವೆಯ ದಂಡೆಗುಂಟ ಉತ್ತರಕ್ಕೆ ಹೊರಟರೆ ನೆಲ ಬಲಕ್ಕೇ ಬರಬೇಕಲ್ಲ. ಮಂಗಳೂರಿನಿಂದ ಕಾರವಾರಕ್ಕೆ ಹೊರಟ ಹಾಗೆ.

ಜರ್ಮನ್ನರು, ಡಚ್ಚರು ಇವತ್ತಿಗೂ ಎಡಕ್ಕೆ ಬೆನ್ನಬದಿ ಅಂತಲೇ ಹೇಳುತ್ತಾರೆ. ಫ್ರೆಂಚರು ಅವರಿಂದ ಪಡೆದು ಎಡಕ್ಕೆ 'ಬಾಬೋರ್', ಬಲಕ್ಕೆ 'ತ್ರಿಬೋರ್' ಮಾಡಿಕೊಂಡರು. ಅದು ಮರೆತುಹೋಗದ ಹಾಗೆ ಅವರಿಗೊಂದು ಉಪಾಯ ಇದೆ. 'ಬಾತ್ರಿ' ಅಂತ ನೆನಪಿಟ್ಟುಕೋ: ಎಡಕ್ಕೆ ಬಾ, ಬಲಕ್ಕೆ ತ್ರಿ. ಬ್ಯಾಟರಿಗೆ ಅವರು ಹಾಗೆ ಹೇಳುವುದು. ನಮ್ಮಜ್ಜಿ ಟಾರ್ಚಿಗೆ ಬ್ಯಾಟ್ರಿ ಅನ್ನುತ್ತಿದ್ದಳು. ಅವಳನ್ನು ಫ್ರೆಂಚ್ ಹಡಗಿಗೆ ಹತ್ತಿಸಿದ್ದರೆ ದಾರಿ ತಪ್ಪುತ್ತಿರಲಿಲ್ಲ.

ಇಂಗ್ಲಿಷರು ಮಾತ್ರ ಬೆನ್ನಬದಿ ಬಿಟ್ಟುಬಿಟ್ಟರು. ಬಲಕ್ಕೆ ಹುಟ್ಟು ಕಟ್ಟಿದೆ, ಅದು ಧಕ್ಕೆಗೆ ತಾಗಿದರೆ ಜಜ್ಜಿಹೋಗುತ್ತದೆ. ಹಾಗಾಗಿ ಯಾವಾಗಲೂ ಎಡಬದಿಯನ್ನೇ ದಡಕ್ಕೆ ಹಚ್ಚುವುದು, ಸರಕು ಆ ಕಡೆಯಿಂದಲೇ ಏರಿಸುವುದು. ಅದು ಹೇರುವ ಬದಿ, 'ಲಾಡೆಬೋರ್ಡ್' ಆಯಿತು ಅನ್ನುತ್ತಾರೆ. ಮುಂದೆ ಸ್ಟಾರ್‌ಬೋರ್ಡ್ ಜೊತೆ ಸೇರಿ ಸೇರಿ ಅದೂ 'ಲಾರ್‌ಬೋರ್ಡ್' ಆಯಿತು. ಪ್ರಾಸ! ಕವಿಗಳಿಗೆ ಪ್ರಾಸ ಒಳ್ಳೆಯದು. ಬಿರುಗಾಳಿಯಲ್ಲಿ ಕಪ್ತಾನ ಕೂಗಿದ್ದು ಸ್ಟಾರೋ ಲಾರೋ ಕೇಳಿಸದಿದ್ದರೆ ಹಡಗು ಬಂಡೆಗೆ. ಕೊನೆಗೆ 1844ರಲ್ಲಿ ಬ್ರಿಟಿಷ್ ನೌಕಾಪಡೆ ಆಜ್ಞೆ ಹೊರಡಿಸಿತು: ಇನ್ನು ಲಾರ್‌ಬೋರ್ಡ್ ಬೇಡ, 'ಪೋರ್ಟ್' ಅನ್ನಿ. ಎರಡು ವರ್ಷದ ನಂತರ ಅಮೆರಿಕದವರೂ ಹಾಗೇ ಮಾಡಿದರು. ಬಂದರಿಗೆ ತಾಗುವ ಬದಿ ಪೋರ್ಟ್. ಆ ಹೊತ್ತಿಗೆ ಪಕ್ಕದ ಹುಟ್ಟು ಹೋಗಿ ಶತಮಾನಗಳೇ ಆಗಿದ್ದವು. ಚೀನಾದ ಗುವಾಂಗ್‌ಝೌನಲ್ಲಿ 1ನೇ ಶತಮಾನದ ಗೋರಿಯಿಂದ ಸಿಕ್ಕಿದ ಮಣ್ಣಿನ ಆಟಿಕೆಯಂಥ ದೋಣಿಗೆ ಚುಕ್ಕಾಣಿ ಹಿಂದೆಯೇ ಇದೆ. 1237ರ ಅರಬ್ಬಿ ಹಸ್ತಪ್ರತಿಯೊಂದರ ಚಿತ್ರದಲ್ಲೂ ಹಿಂದೆಯೇ ಇದೆ. ಯುರೋಪಿನಲ್ಲಿ 12ನೇ ಶತಮಾನದಲ್ಲಿ ಚರ್ಚಿನ ಕಲ್ಲಿನ ತೊಟ್ಟಿಗಳ ಕೆತ್ತನೆಯಲ್ಲಿ ಮೊದಲು ಕಾಣಿಸುತ್ತದೆ. ಹುಟ್ಟು ಹೋಯಿತು, ಹೆಸರು ಮಾತ್ರ ಬಲಬದಿಗೆ ಅಂಟಿಕೊಂಡು ಉಳಿಯಿತು. ನಿನ್ನ ಹಡಗಿನ ಬಲಬದಿಯ ಹಸಿರು ದೀಪ ಇದೆಯಲ್ಲ, ಅದು ಇಲ್ಲದ ಹುಟ್ಟಿಗೆ ಹಚ್ಚಿದ ದೀಪ.

ಹೆಸರು ಬದಲಾದರೂ ಗೊಂದಲ ಮುಗಿಯಲಿಲ್ಲ ಅಂತ ನೀನೇ ಒಮ್ಮೆ ಟೈಟಾನಿಕ್ ವಿಷಯ ಹೇಳಿದ್ದೆ. ಆಗ ನನಗೆ ಅರ್ಥವೇ ಆಗಿರಲಿಲ್ಲ. ಗಂಗೊಳ್ಳಿಯ ತಗಡು ನೋಡಿದ ಮೇಲೆ ಆಯಿತು. 1912ರ ಏಪ್ರಿಲ್ 14ರ ರಾತ್ರಿ ಹಿಮದ ಗುಡ್ಡ ಕಂಡಾಗ ಅಧಿಕಾರಿ ಮರ್ಡೋಕ್ ಕೂಗಿದ್ದು 'ಹಾರ್ಡ್ ಎ ಸ್ಟಾರ್‌ಬೋರ್ಡ್'. ಪೂರ್ತಿ ಬಲಕ್ಕೆ! ಹಡಗು ತಿರುಗಿದ್ದು ಎಡಕ್ಕೆ. ಯಾರೂ ತಪ್ಪು ಮಾಡಿರಲಿಲ್ಲ. ಆ ಆಜ್ಞೆ ಚಕ್ರ ಬರುವುದಕ್ಕೂ ಹಿಂದಿನದು, ಚುಕ್ಕಾಣಿಯ ತಲೆಗೆ ಸಿಕ್ಕಿಸಿದ ಹಿಡಿಕೋಲಿನ ಕಾಲದ್ದು. ಹಿಡಿಕೋಲನ್ನು ಬಲಕ್ಕೆ ದೂಡಿದರೆ ನೀರಿನಲ್ಲಿರುವ ತಗಡು ಎಡಕ್ಕೆ ಹೋಗುತ್ತದೆ, ಹಡಗೂ ಎಡಕ್ಕೆ. ಹಡಗಿಗೆ ಚಕ್ರ ಬಂದದ್ದು 18ನೇ ಶತಮಾನದ ಆರಂಭದಲ್ಲಿ. ಇನ್ನೂರು ವರ್ಷ ಕಳೆದರೂ ಕೂಗು ಮಾತ್ರ ಇಲ್ಲದ ಕೋಲಿಗೇ ಕೂಗುತ್ತಿದ್ದರು. 1929ರಲ್ಲಿ ಲಂಡನ್ನಿನಲ್ಲಿ ಹಡಗು ಸುರಕ್ಷತೆಯ ಒಪ್ಪಂದ ಆಗಿ, 30ರ ದಶಕದಲ್ಲಿ ಅದನ್ನು ನೇರ ಮಾಡಿದರು.

ಪದಗಳನ್ನು ಮನುಷ್ಯರು ಕಿವಿಯಿಂದ ಮಾಡುತ್ತಾರೆ, ಅದಕ್ಕೇ ಇಷ್ಟೆಲ್ಲ ಎಡವಟ್ಟು. ನಮ್ಮವರು ಬ್ರಿಟಿಷರ ಹಡಗುಗಳಲ್ಲಿ ಚುಕ್ಕಾಣಿ ಹಿಡಿಯುವ ಕೆಲಸ ಮಾಡುತ್ತಿದ್ದರಲ್ಲ, ಪಾರಸಿಯಲ್ಲಿ ಅವರಿಗೆ ಸುಕ್ಕಾನಿ ಅಂತ ಹೆಸರು. ಇಂಗ್ಲಿಷರು ಅದನ್ನು 'ಸೀಕನಿ' ಅಂತ ಬರೆದುಕೊಂಡರು, 'ಸೀ' ಅಂದರೆ ಸಮುದ್ರ ಅನ್ನುವ ಸ್ಪೆಲ್ಲಿಂಗಿನಲ್ಲಿ. ನಾನು ಚುಕ್ಕಾಣಿಯಲ್ಲಿ ಚುಕ್ಕಿ ಕಂಡೆ, ಅವರು ಸುಕ್ಕಾನಿಯಲ್ಲಿ ಸಮುದ್ರ ಕಂಡರು. ಸಂಸ್ಕೃತದಲ್ಲಂತೂ ಚುಕ್ಕಾಣಿಯೇ ಕಿವಿ. 'ಕರ್ಣ' ಅಂದರೆ ಕಿವಿ, ಕರ್ಣ ಅಂದರೆ ಚುಕ್ಕಾಣಿಯೂ ಹೌದು. ಅದನ್ನು ಹಿಡಿದವನು ಕರ್ಣಧಾರ. ಪೇಪರಿನಲ್ಲಿ ನಾವು ಅದನ್ನೂ ಬಿಟ್ಟಿಲ್ಲ, ಪಕ್ಷದ ಕರ್ಣಧಾರ, ನಾಡಿನ ಕರ್ಣಧಾರ. ಅಜಂತಾದ 2ನೇ ಗುಹೆಯಲ್ಲಿ ಮೂರು ಕಂಬದ ಹಡಗಿನ ಚಿತ್ರ ಇದೆ. ಅದರ ಹಿಂಬದಿಯಲ್ಲಿ ಪಕ್ಕಕ್ಕೆ ಇಳಿಬಿಟ್ಟ ಹುಟ್ಟುಗಳನ್ನು ನೋಡಿದರೆ ನನಗಂತೂ ಆನೆಯ ಕಿವಿಯೇ ನೆನಪಾಗುತ್ತದೆ. ಇದು ನನ್ನ ಕಲ್ಪನೆ, ಮತ್ತೆ ಯಾರಾದರೂ ಪಂಡಿತರು ಹೊಡೆಯಲು ಬರಬಾರದು.

ಇನ್ನು ಸಿರಿವಂತರ ಠೀವಿಗೆ ಹೇಳುವ 'ಪಾಶ್' (POSH) ಅನ್ನುವ ಇಂಗ್ಲಿಷ್ ಪದದ ಕತೆ. ಇಂಗ್ಲೆಂಡಿನಿಂದ ಮುಂಬಯಿಗೆ ಬರುವಾಗ ಪೋರ್ಟ್ ಬದಿ, ಹೋಗುವಾಗ ಸ್ಟಾರ್‌ಬೋರ್ಡ್ ಬದಿ ನೆರಳು ಜಾಸ್ತಿ, ದುಡ್ಡಿದ್ದವರ ಟಿಕೆಟಿನ ಮೇಲೆ 'Port Out, Starboard Home' ಅನ್ನುವುದರ ನಾಲ್ಕು ಮೊದಲಕ್ಷರ ಒತ್ತುತ್ತಿದ್ದರು ಅಂತ ನೀನು ಹಾಸ್ಟೆಲಿನಲ್ಲಿ ಹೇಳಿ ನಮ್ಮನ್ನೆಲ್ಲ ಬೆರಗು ಮಾಡಿದ್ದೆ. ಅಂಥ ಒಂದು ಟಿಕೆಟೂ ಇವತ್ತಿನವರೆಗೆ ಯಾರಿಗೂ ಸಿಕ್ಕಿಲ್ಲ ಮಾರಾಯ. ನನ್ನ ನಕ್ಷತ್ರ ಹಲಗೆಗೆ ನಿನ್ನ ಪಾಶ್ ಟಿಕೆಟ್, ಲೆಕ್ಕ ಚುಕ್ತಾ.

ರಾಜ್ಯ ಆಳುವವನನ್ನು ಚುಕ್ಕಾಣಿ ಹಿಡಿದವನಿಗೆ ಹೋಲಿಸುವ ಚಟ ನಾವು ಪೇಪರಿನವರು ಶುರು ಮಾಡಿದ್ದಲ್ಲ. ಗ್ರೀಕರು ಚುಕ್ಕಾಣಿಯವನಿಗೆ 'ಕುಬೆರ್ನೇಟೆಸ್' ಅನ್ನುತ್ತಿದ್ದರು. ಅದನ್ನೇ ಲ್ಯಾಟಿನ್ನಿನವರು 'ಗುಬೆರ್ನಾರೆ' ಮಾಡಿದರು, ಅಲ್ಲಿಂದ ಗವರ್ನರ್, ಗವರ್ನಮೆಂಟ್. ಅಂದರೆ 'ಗವರ್ನಮೆಂಟಿನ ಚುಕ್ಕಾಣಿ' ಅಂತ ನಾವು ಬರೆದರೆ, ಬೇರು ಕೆದಕಿದವನ ಕಣ್ಣಿಗೆ ಅದು 'ಚುಕ್ಕಾಣಿಯ ಚುಕ್ಕಾಣಿ'. ಗೇಟ್ ಬಾಗಿಲು ಅಂದ ಹಾಗೆ. 1948ರಲ್ಲಿ ನಾರ್ಬರ್ಟ್ ವೀನರ್ ಅನ್ನುವ ಗಣಿತಜ್ಞ ತಾನೇ ತನ್ನನ್ನು ತಿದ್ದಿಕೊಂಡು ನಡೆಯುವ ಯಂತ್ರಗಳ ವಿದ್ಯೆಗೆ ಅದೇ ಗ್ರೀಕ್ ಪದದಿಂದ ಸೈಬರ್ನೆಟಿಕ್ಸ್ ಅಂತ ಹೆಸರಿಟ್ಟ. ಇವತ್ತಿನ 'ಸೈಬರ್' ಅದರ ತುಂಡು. ನಮ್ಮ ಪೇಪರಿನ ಒಂದೇ ಪುಟದಲ್ಲಿ ಮೇಲೆ 'ಅಧಿಕಾರದ ಚುಕ್ಕಾಣಿ', ಕೆಳಗೆ 'ಸೈಬರ್ ವಂಚಕರ ಬಲೆಗೆ ನಿವೃತ್ತ ಶಿಕ್ಷಕ' ಇರುತ್ತದೆ. ಎರಡೂ ಕಡೆ ಅದೇ ಅಂಬಿಗ ಕೂತಿದ್ದಾನೆ.

ಇಷ್ಟೆಲ್ಲ ತಿಳಿದುಕೊಂಡ ಮೇಲೆ ಏನಾಯಿತು ಅಂತ ಕೇಳು. ಮೊನ್ನೆ ಗುರುವಾರ ರಾತ್ರಿ ಒಂದು ಸಹಕಾರ ಸಂಘದ ಚುನಾವಣೆಯ ಫಲಿತಾಂಶ ಬಂತು. ಮೂರು ಕಾಲಂ ಹೆಡ್ಡಿಂಗ್. ಅಧಿಕಾರ ಅಂದರೆ ಜಾಗ ಖಾಲಿ ಉಳಿಯುತ್ತದೆ, ಅಧ್ಯಕ್ಷ ಸ್ಥಾನ ಅಂದರೆ ಹಿಡಿಸುವುದಿಲ್ಲ. ಚುಕ್ಕಾಣಿ ಅಂದರೆ ಅಳತೆ ತೆಗೆದ ಹಾಗೆ ಕೂರುತ್ತದೆ. ಹಾಕಿದೆ. ನಮ್ಮ ಚಿತ್ರ ಬರೆಯುವ ಹುಡುಗ ಪಕ್ಕದಲ್ಲಿ ಒಂದು ಹಡಗಿನ ಚಕ್ರ ಕೂರಿಸಿದ. ಎಂಟು ಹಿಡಿ ಇರುವ ಮರದ ಚಕ್ರ, ಸಿನಿಮಾದಲ್ಲಿ ಬರುತ್ತದಲ್ಲ, ಅದು.

'ಇದು ಚುಕ್ಕಾಣಿ ಅಲ್ಲಪ್ಪ, ಸ್ಟೇರಿಂಗ್,' ಅಂದೆ.

'ಹಾಗಾದ್ರೆ ಚುಕ್ಕಾಣಿ ಹೇಗಿರುತ್ತೆ ಸಾರ್?'

ಡಮ್ಮಿ ಪುಟದ ಹಿಂದೆ ಪೆನ್ನಿನಿಂದ ಬರೆದು ತೋರಿಸಿದೆ. ತಗಡು, ಸರಳು, ಫ್ಯಾನು ಎಲ್ಲ. ಅವನು ಪುಟವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ.

'ಸಲಿಕೆ ತರ ಇದೆ ಸಾರ್. ಅಧ್ಯಕ್ಷರ ಕೈಗೆ ಸಲಿಕೆ ಕೊಟ್ರೆ ಬೆಳಿಗ್ಗೆ ನಿಮಗೇ ಫೋನ್ 
ಬರೋದು.'

ಚಕ್ರವೇ ಹೋಯಿತು.

ನಿನ್ನಣ್ಣ ಆಗಸ್ಟ್ ಮೊದಲ ವಾರವೇ ಕಡಲಿಗೆ ಇಳಿದರಂತೆ. ಅತ್ತಿಗೆ ಕೊಟ್ಟ ಒಣ ಸಿಗಡಿ ಚಟ್ನಿ ನಮ್ಮ ಮನೆಯಲ್ಲಿ ಮೂರೇ ದಿನದಲ್ಲಿ ಮುಗಿಯಿತು, ಅವರಿಗೆ ಹೇಳಬೇಡ, ಇನ್ನೂ ಇದೆ ಅಂತ ಹೇಳಿದ್ದೇನೆ. ನೀನು ರಜೆಗೆ ಬಂದಾಗ ಆನೆಗೊಂದಿಗೆ ಬಾ. ಹರಿಗೋಲಿನಲ್ಲಿ ಕೂರಿಸುತ್ತೇನೆ. ಕೂತು, ಅದರ ಸ್ಟಾರ್‌ಬೋರ್ಡ್ ಯಾವ ಕಡೆ ಅಂತ ಹೇಳು ನೋಡೋಣ.

ನಿನ್ನ
ನಕ್ಷತ್ರ ಹಲಗೆಯವನು